ಹಂದಿ ಜ್ವರ ಮತ್ತು ಅದರ ಲಸಿಕೆ
(ತಿರುಮಣಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ಹಂದಿಯ ವಿಷಯ ಮಾತನಾಡುತ್ತೇನೆ ಎಂದಾಗ ಕೆಲವರು ನಕ್ಕರು. ದನ, ಕುರಿ, ಕಡಲೆಕಾಯಿ ಎಲ್ಲ ಬಿಟ್ಟು ಹಂದಿಯೇ ಎಂದರು. ನಗಲಿ, ತಪ್ಪಿಲ್ಲ. ಆದರೆ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ವರ್ಷ ವರ್ಷವೂ ಗುತ್ತಿಗೆ ಹಣ ಬರುತ್ತದೆ. ಕೊಡಲು ಜಮೀನೇ ಇಲ್ಲದ ಮನೆಗೆ ನಾಲ್ಕು ಹಂದಿಯೇ ಆಸ್ತಿ. ಆ ನಾಲ್ಕೂ ಒಂದು ವಾರದಲ್ಲಿ ಸತ್ತರೆ ಆ ಮನೆಯವರು ಏನು ಮಾಡಬೇಕು?

ಹಂದಿ ಜ್ವರ ಹಾಗೆಯೇ ಕೊಲ್ಲುತ್ತದೆ. ಮೈ ಕಾದು ಹಂದಿ ಮೇವು ಬಿಡುತ್ತದೆ. ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಕಣ್ಣು ಅಂಟುತ್ತದೆ, ಹಿಂಗಾಲು ತೂರಾಡುತ್ತದೆ, ಕಿವಿ ಹೊಟ್ಟೆಗಳ ಮೇಲೆ ನೇರಳೆ ಬಣ್ಣದ ಕಲೆ ಏಳುತ್ತದೆ. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಬರುವ ಮುಂಚೆ ಲಸಿಕೆ ಉಂಟು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದವರು ಚುಚ್ಚಿಸಲು ಹಿಂದೆಗೆಯುವುದಿಲ್ಲ. ಆದ್ದರಿಂದ ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಲ್ಲಿರುವ ಅಜ್ಜಂದಿರಿಗೆ ದನಗಳ ದೊಡ್ಡರೋಗ ನೆನಪಿರಬಹುದು. ಅದನ್ನು ತಡೆಯಲೆಂದೇ ೧೯೨೫ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿತು. ಈಗ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದೇ. ಸೀರಂ ಎಂದರೆ ರೋಗ ಗೆದ್ದ ದನದ ರಕ್ತದ ತಿಳಿ. ಅದರಲ್ಲಿ ರೋಗದ ಕಣವನ್ನು ಹಿಡಿದು ಕಟ್ಟಿಹಾಕುವ ಪದಾರ್ಥ ಸಿದ್ಧವಾಗಿಯೇ ಇರುತ್ತದೆ. ಇದು ಎರವಲು ತಂದ ದವಸವಿದ್ದಂತೆ. ಕೆಲವು ದಿನಕ್ಕೆ ಮುಗಿದುಹೋಗುತ್ತದೆ. ಲಸಿಕೆ ಹಾಗಲ್ಲ. ಬಲ ಕುಂದಿಸಿದ ರೋಗಕಣವನ್ನೇ ಮೈಯೊಳಗೆ ಬಿಟ್ಟು, ಆ ಮೈ ತಾನೇ ಬೆಳೆದುಕೊಳ್ಳುವಂತೆ ಮಾಡುವುದು. ಬೆಳೆಗೆ ದಿನ ಬೇಕು. ಹಾಗೆಯೇ ಚುಚ್ಚಿದ ಮರುದಿನವೇ ಹಂದಿಗೆ ರಕ್ಷಣೆ ಬರುವುದಿಲ್ಲ, ಸುಮಾರು ಎರಡು ವಾರ ಬೇಕು. ಪಕ್ಕದ ಊರಲ್ಲಿ ರೋಗ ಬಿದ್ದ ಮೇಲೆ ಆಸ್ಪತ್ರೆಗೆ ಓಡಿದರೆ ತಡವಾಯಿತೆಂದೇ ಅರ್ಥ.

ಬಲ ಕುಂದಿಸುವುದು ಹೇಗೆ? ದೊಡ್ಡರೋಗದ ವೈರಸ್ಸನ್ನು ಮುಕ್ತೇಶ್ವರದ ಪ್ರಯೋಗಶಾಲೆಯಲ್ಲಿ ಆಡಿನಿಂದ ಆಡಿಗೆ ಹಾಯಿಸಿದರು. ಆಡಿನ ಮೈಗೆ ಒಗ್ಗಿದಷ್ಟೂ ದನವನ್ನು ಕೊಲ್ಲುವ ಶಕ್ತಿ ಕಳೆದುಕೊಂಡಿತು. ಹಂದಿ ಜ್ವರದ ವೈರಸ್ಸನ್ನು ಇದೇ ರೀತಿ ಮೊಲದಿಂದ ಮೊಲಕ್ಕೆ ಹಾಯಿಸಿದರು. ನಮ್ಮ ದೇಶ ಇಂಗ್ಲೆಂಡಿನ ವೇಬ್ರಿಜ್ ತಳಿಯನ್ನು ತರಿಸಿ, ೧೯೬೪ರಿಂದ ಮೊಲದ ಗುಲ್ಮದಲ್ಲಿ ಲಸಿಕೆ ತಯಾರಿಸಿತು. ಒಂದು ಮೊಲ ಸತ್ತರೆ ಸುಮಾರು ೫೦ ಹಂದಿಗೆ ಲಸಿಕೆ. ಹೀಗಾದರೆ ಸಾಕಾದೀತೇ? ದೇಶಕ್ಕೆ ವರ್ಷಕ್ಕೆ ಎರಡು ಕೋಟಿ ಡೋಸು ಬೇಕಿದ್ದಾಗ ತಯಾರಾಗುತ್ತಿದ್ದುದು ಹನ್ನೆರಡು ಲಕ್ಷದಷ್ಟು. ಹಳ್ಳಿಯ ಹಂದಿಗೆ ಎಲ್ಲಿಂದ ಸಿಗಬೇಕು!

೨೦೨೦ರಲ್ಲಿ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಹೊಸ ಲಸಿಕೆ ಹೊರತಂದಿತು. ಇದರ ವೈರಸ್ ನಮ್ಮ ದೇಶದ್ದೇ. ಮೊಲದ ಬದಲು ಸೀಸೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಇದನ್ನು ತಯಾರಿಸುತ್ತಾರೆ. ರಕ್ಷಣೆ ಹದಿನೆಂಟು ತಿಂಗಳಷ್ಟು ಕಾಲ ನಿಲ್ಲುತ್ತದೆಂದೂ, ತಯಾರಿಕೆಯ ವೆಚ್ಚ ಡೋಸಿಗೆ ಎರಡು ರೂಪಾಯಿಯ ಆಸುಪಾಸೆಂದೂ ಸಂಸ್ಥೆ ತಿಳಿಸಿತು. ಒಂದು ಬೀಡಿ ಕಟ್ಟಿನ ಬೆಲೆಯೂ ಅಲ್ಲ.

ಮರಿಗಳ ಬಗ್ಗೆ ಒಂದು ಮಾತು. ಲಸಿಕೆ ಪಡೆದ ತಾಯಿಯ ಗಿಣ್ಣುಹಾಲಿನಲ್ಲಿ ಮರಿಗೂ ರಕ್ಷಣೆ ಇಳಿಯುತ್ತದೆ. ಅದು ಇರುವಾಗಲೇ ಚುಚ್ಚಿದರೆ ತಾಯಿಯ ಹಾಲಿನ ಶಕ್ತಿಯೇ ಲಸಿಕೆಯನ್ನು ಕೊಂದುಬಿಡುತ್ತದೆ, ಮರಿಯ ಮೈ ಏನೂ ಕಲಿಯುವುದಿಲ್ಲ. ಆದುದರಿಂದ ಎರಡು ತಿಂಗಳು ತುಂಬಲಿ ಎಂದು ವೈದ್ಯರು ಹೇಳಿದರೆ ಅವರು ಸೋಮಾರಿಗಳೆಂದು ಬೈಯಬೇಡಿ.

ಇನ್ನೊಂದು ರೋಗವಿದೆ, ಆಫ್ರಿಕಾದ ಹಂದಿ ಜ್ವರ. ಹೆಸರು ಒಂದೇ ತೆರ, ಲಕ್ಷಣವೂ ಅದೇ ತೆರ, ಆದರೆ ವೈರಸ್ ಬೇರೆ. ಕಣ್ಣಿನಿಂದ ನೋಡಿ ಯಾರೂ ಬೇರ್ಪಡಿಸಲಾರರು, ಪ್ರಯೋಗಶಾಲೆಯೇ ಹೇಳಬೇಕು. ೧೯೨೧ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ಇದು ೨೦೨೦ರಲ್ಲಿ ಅಸ್ಸಾಮಿಗೆ, ೨೦೨೨ರಲ್ಲಿ ಕೇರಳದ ವಯನಾಡಿಗೆ ಬಂತು. ನಮ್ಮ ರಾಜ್ಯವನ್ನೂ ಬಿಡಲಿಲ್ಲ. ಮೊದಲಿನ ಲಸಿಕೆ ಇದಕ್ಕೆ ತಾಕುವುದಿಲ್ಲ. ಇದಕ್ಕೆ ಲಸಿಕೆ ಮಾಡುವುದು ಏಕೆ ಕಷ್ಟವೆಂದರೆ, ಮೈಯೊಳಗೆ ರೋಗಾಣುಗಳನ್ನು ನುಂಗಲು ಕಾವಲಿರುವ ಕೋಶಗಳಲ್ಲೇ ಈ ವೈರಸ್ ಮನೆ ಮಾಡುತ್ತದೆ. ಕಾವಲುಗಾರನ ಮನೆಯಲ್ಲೇ ಕಳ್ಳ! ಸತ್ತ ವೈರಸ್ಸಿನಿಂದ ಮಾಡಿದ ಲಸಿಕೆಗಳು ಸೋತವು. ಒಂದು ಜೀನನ್ನು ತೆಗೆದು ದುರ್ಬಲ ಮಾಡಿದ ವೈರಸ್ಸಿನಿಂದ ವಿಯಟ್ನಾಮ್ ೨೦೨೨ರಲ್ಲಿ ಲಸಿಕೆ ಹೊರತಂದಿತು. ಕೆಲವೆಡೆ ಹಂದಿ ಸತ್ತು ನಿಲ್ಲಿಸಿ, ೨೦೨೩ರಲ್ಲಿ ಮತ್ತೆ ಅನುಮತಿ ಕೊಟ್ಟಿತು. ಸಂಶೋಧನೆ ನಡೆದಿದೆ.

ಅಲ್ಲಿಯವರೆಗೆ ಎಚ್ಚರವೇ ಲಸಿಕೆ. ಹೋಟೆಲಿನ, ಮದುವೆ ಮನೆಯ ಮುಸುರೆಯನ್ನು ಒಂದು ಗಂಟೆ ಚೆನ್ನಾಗಿ ಕುದಿಸಿ, ಆರಿಸಿ ಹಾಕಿ. ಪಾವಗಡಕ್ಕೆ ಮೂರು ಕಡೆ ಆಂಧ್ರ. ಗಡಿ ಕಲ್ಲು ನಮಗುಂಟು, ರೋಗಕ್ಕಿಲ್ಲ. ಸಂತೆಯಿಂದ ತಂದ ಹಂದಿಯನ್ನು ಕೆಲವು ವಾರ ಬೇರೆ ಕಟ್ಟಿ. ಕಾಯಿಲೆ ಬಿದ್ದದ್ದನ್ನು ಬೆಳಗಾಗುವುದರೊಳಗೆ ಮಾರಿಬಿಡೋಣ ಎನ್ನುವವರಿದ್ದಾರೆ. ಬಡತನ ಹಾಗೆ ಮಾಡಿಸುತ್ತದೆ, ಬಲ್ಲೆ. ಆದರೆ ಕೇಳಿ: ಆಫ್ರಿಕಾ ಜ್ವರ ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರಿನ ಹಂದಿಗಳನ್ನು ಸರ್ಕಾರ ಕೊಲ್ಲಿಸುತ್ತದೆ, ಪರಿಹಾರವಿರುವುದು ಹಾಗೆ ಕೊಲ್ಲಿಸಿದವಕ್ಕೆ. ಬಚ್ಚಿಟ್ಟು ಸತ್ತದ್ದಕ್ಕೆ ಕಾಸೂ ಇಲ್ಲ, ಮಾರಿದ ಕಡೆಯವನ ಹಂದಿಯೂ ಉಳಿಯುವುದಿಲ್ಲ. ಈ ಎರಡು ಜ್ವರವೂ ಮನುಷ್ಯರಿಗೆ ಅಂಟುವುದಿಲ್ಲ, ಆ ಭಯ ಬೇಡ.

ಲಸಿಕೆಯನ್ನು ಐಸಿನ ಪೆಟ್ಟಿಗೆಯಲ್ಲಿ ತರಬೇಕು. ಸೀಸೆಯ ಪುಡಿಯನ್ನು ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲುವುದೇ. ಹೀಗಾಗಿ ಪಶುವೈದ್ಯರನ್ನು ಕರೆಸುವ ಮುಂಚೆ ನಮಗೆ ಲೆಕ್ಕ ಬೇಕು. ಸಭೆ ಮುಗಿದ ಕೂಡಲೇ ನಾನು ಪುಸ್ತಕ ಹಿಡಿದು ಈ ಕಟ್ಟೆಯ ಮೇಲೆಯೇ ಕುಳಿತಿರುತ್ತೇನೆ. ಯಾರ ಮನೆಯಲ್ಲಿ ದೊಡ್ಡವೆಷ್ಟು, ಮರಿಯೆಷ್ಟು, ಮರಿ ಹುಟ್ಟಿ ಎಷ್ಟು ದಿನವಾಯಿತು ಎಂದು ಬರೆಸಿ ಹೋಗಿ.