ಮೋಟಾರ್‌ಹೋಮ್‌ಗೆ ಯಾವ ನ್ಯಾವಿಗೇಟರ್? ನಿಮ್ಮ ಗಾಡಿಯ ಎತ್ತರ ಅದಕ್ಕೆ ಗೊತ್ತಾ?

 

ಇವತ್ತಿನ ವಿಷಯ ಮೋಟಾರ್‌ಹೋಮ್. ಕ್ಯಾರವಾನ್ ಅನ್ನಿ, ಕ್ಯಾಂಪರ್ ವ್ಯಾನ್ ಅನ್ನಿ, ಒಳಗೆ ಮಲಗೋಕೆ ಜಾಗ, ಸಣ್ಣ ಅಡುಗೆಮನೆ, ಶೌಚಾಲಯ ಇರೋ ಗಾಡಿ. ಕೆಲವು ವರ್ಷಗಳ ಹಿಂದೆ ಇಂಥ ಗಾಡಿ ಅಂದರೆ ಸಿನಿಮಾದವರ ವ್ಯಾನಿಟಿ ವ್ಯಾನ್ ಅಂತಲೇ ನಮಗೆ ನೆನಪಾಗ್ತಿತ್ತು. 2021ರಲ್ಲಿ ಕೇರಳ ಕ್ಯಾರವಾನ್ ಪ್ರವಾಸಕ್ಕೆ ಪ್ರತ್ಯೇಕ ಯೋಜನೆ ತಂದಿತು. ಮಹಾರಾಷ್ಟ್ರ, ಕರ್ನಾಟಕದ ಪ್ರವಾಸೋದ್ಯಮ ನೀತಿಗಳಲ್ಲೂ ಕ್ಯಾರವಾನ್ ಸೇರಿಕೊಂಡಿತು. ಈಗ ದೊಡ್ಡ ಊರುಗಳಲ್ಲಿ ಬಾಡಿಗೆಗೂ ಸಿಗುತ್ತೆ. ನಮ್ಮಂಥ ಹೊರನಾಡಿನ ಕನ್ನಡಿಗರಿಗೆ ಇದು ಬಹಳ ಅನುಕೂಲ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಪುಣೆಯಿಂದ ಉಡುಪಿಗೋ ಚೆನ್ನೈಯಿಂದ ಮೈಸೂರಿಗೋ ಹೊರಟರೆ ಊಟ, ಔಷಧ, ಶೌಚಾಲಯ ಯಾವುದಕ್ಕೂ ಪರದಾಡಬೇಕಿಲ್ಲ.

ಆದರೆ ದಾರಿ ತೋರಿಸೋರು ಯಾರು? ಕಾರಿಗೆ ಬಳಸೋ ಆ್ಯಪ್ ಸಾಕಾ? ಬೇರೆ ಸಾಧನ ಕೊಳ್ಳಬೇಕಾ? ಅಂಗಡಿಗೆ ಹೋದರೆ ಪರದೆ ಎಷ್ಟು ಇಂಚು, ಎಷ್ಟು ಉಪಗ್ರಹ ಹಿಡಿಯುತ್ತೆ ಅಂತ ಹೇಳ್ತಾರೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ಸಾಧನಕ್ಕೆ ನನ್ನ ಗಾಡಿಯ ಎತ್ತರ ಗೊತ್ತಾ? ಗೊತ್ತಿದ್ದರೂ, ಮುಂದೆ ಬರೋ ಸೇತುವೆಯ ಎತ್ತರ ಅದಕ್ಕೆ ಗೊತ್ತಾ?

ಒಂದು ಡಬ್ಬಿಯೊಳಗೆ ಮೂರು ಕೆಲಸ

ನ್ಯಾವಿಗೇಟರ್ ಒಂದೇ ವಸ್ತು ಥರ ಕಾಣುತ್ತೆ. ಒಳಗೆ ಮೂರು ಬೇರೆ ಬೇರೆ ಕೆಲಸ ನಡೀತಿರುತ್ತೆ. ಮೊದಲನೆಯದು ರಿಸೀವರ್, ನಾನು ಎಲ್ಲಿದ್ದೀನಿ ಅಂತ ಹೇಳೋದು. ಎರಡನೆಯದು ನಕ್ಷೆ, ಸುತ್ತ ಏನಿದೆ ಅಂತ ಹೇಳೋದು. ಮೂರನೆಯದು ದಾರಿ ಲೆಕ್ಕ ಹಾಕೋ ಸಾಫ್ಟ್‌ವೇರ್.

ರಿಸೀವರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ತಾವೆಲ್ಲಿದ್ದೇವೆ, ಸಮಯ ಎಷ್ಟು ಅಂತ ಸಾರುತ್ತಲೇ ಇರುತ್ತವೆ. ನಾಲ್ಕು ಉಪಗ್ರಹದ ಸಂಕೇತ ಸಿಕ್ಕರೆ ನಿಮ್ಮ ಜಾಗ ಲೆಕ್ಕ ಹಾಕಬಹುದು. ಇದಕ್ಕೆ ಸಿಮ್ ಬೇಡ, ಇಂಟರ್ನೆಟ್ ಬೇಡ. ನೆಟ್‌ವರ್ಕ್ ಹೋದರೆ ಜಿಪಿಎಸ್ ಹೋಯ್ತು ಅಂತ ಬಹಳ ಜನ ಅಂದುಕೊಂಡಿದ್ದಾರೆ, ಹಾಗಲ್ಲ. ಹೋಗೋದು ನಕ್ಷೆ. ಇಂಟರ್ನೆಟ್ ಇದ್ದರೆ ಉಪಗ್ರಹಗಳ ವಿವರ ಬೇಗ ಸಿಗುತ್ತೆ, ಅಷ್ಟೇ ವ್ಯತ್ಯಾಸ. ಜಿಪಿಎಸ್ ಉಪಗ್ರಹ ಆ ಮಾಹಿತಿಯನ್ನು ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಕಳಿಸುತ್ತೆ. ಹಾಗಾಗಿ ಏನೂ ಗೊತ್ತಿಲ್ಲದ ಸ್ಥಿತಿಯಿಂದ ಶುರುವಾದರೆ ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯಬಹುದು. ಘಾಟಿಯ ನಡುವೆ ಸಾಧನ ಆನ್ ಮಾಡಬೇಡಿ, ಹೊರಡುವಾಗಲೇ ಬಯಲಿನಲ್ಲಿ ಆನ್ ಮಾಡಿ.

ನಮ್ಮದೇ ನಾವಿಕ್ ಇದೆಯಲ್ಲ ಅಂತ ಕೇಳಬಹುದು. ಇದೆ, ಹೆಮ್ಮೆಯ ವಿಷಯವೇ. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿದೆ. ಏಳು ಉಪಗ್ರಹಗಳ ವ್ಯವಸ್ಥೆ ಅಂತ ಯೋಜಿಸಿದ್ದರು, ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. 2023ರ ಮೇ ತಿಂಗಳಲ್ಲಿ ಹಾರಿಸಿದ ಎನ್‌ವಿಎಸ್-01ರಿಂದ ಹೊಸ ಪೀಳಿಗೆ ಶುರುವಾಗಿದೆ. ನಾವಿಕ್, ಗೆಲಿಲಿಯೊ, ಗ್ಲೋನಾಸ್ ಇವೆಲ್ಲ ಇದ್ದರೆ ಒಳ್ಳೆಯದೇ. ಘಾಟಿಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಉಪಯೋಗಕ್ಕೆ ಬರುತ್ತೆ. ಆದರೆ ಬರೀ ಅದಕ್ಕೋಸ್ಕರ ಜಾಸ್ತಿ ದುಡ್ಡು ಕೊಡಬೇಡಿ. ಈಗಿನ ಸಾಧಾರಣ ಮೊಬೈಲ್ ಕೂಡ ನೀವು ಯಾವ ರಸ್ತೆಯಲ್ಲಿದ್ದೀರಿ ಅಂತ ಸರಿಯಾಗಿ ಹೇಳುತ್ತೆ. ಆ ರಸ್ತೆಯಲ್ಲಿ ನಿಮ್ಮ ಗಾಡಿ ಹಿಡಿಸುತ್ತಾ ಅಂತ ಮಾತ್ರ ಉಪಗ್ರಹ ಹೇಳೋದಿಲ್ಲ.

‘ಗೊತ್ತಿಲ್ಲ’ ಅನ್ನೋದು ‘ಪರವಾಗಿಲ್ಲ’ ಆಗೋ ಜಾಗ

ಈಗ ಮುಖ್ಯ ವಿಷಯ. ದಾರಿ ಹುಡುಕೋ ಸಾಫ್ಟ್‌ವೇರ್‌ಗೆ ರಸ್ತೆ ಜಾಲ ಅಂದರೆ ಚುಕ್ಕಿ ಮತ್ತು ಗೆರೆ. ಪ್ರತಿ ಗೆರೆಗೂ ಒಂದು ಬೆಲೆ ಇರುತ್ತೆ, ಎಷ್ಟು ದೂರ, ಎಷ್ಟು ಹೊತ್ತು ಅಂತ. ಒಟ್ಟು ಬೆಲೆ ಎಲ್ಲಿ ಕಡಿಮೆಯೋ ಅದೇ ನಿಮ್ಮ ದಾರಿ. 1959ರಲ್ಲಿ ಡೈಕ್‌ಸ್ಟ್ರಾ ಪ್ರಕಟಿಸಿದ ವಿಧಾನವೇ ಇವತ್ತಿಗೂ ಇದರ ತಳಪಾಯ.

ದೊಡ್ಡ ಗಾಡಿ ಆದರೆ ಒಂದು ಶೋಧನೆ ಸೇರುತ್ತೆ. ಗಾಡಿ 3 ಮೀಟರ್ ಎತ್ತರ ಅಂತ ಕೊಟ್ಟರೆ, 3 ಮೀಟರ್‌ಗಿಂತ ತಗ್ಗಾದ ಸೇತುವೆ ಇರೋ ಗೆರೆಗಳನ್ನೆಲ್ಲ ಲೆಕ್ಕದಿಂದ ತೆಗೀಬೇಕು. ಸರಿ. ಆದರೆ ಆ ಸೇತುವೆಯ ಎತ್ತರವನ್ನು ನಕ್ಷೆಯಲ್ಲಿ ಯಾರೂ ತುಂಬಿಲ್ಲ ಅನ್ಕೊಳ್ಳಿ. ಆಗ ಸಾಫ್ಟ್‌ವೇರ್ ಏನು ಮಾಡುತ್ತೆ? ಮಾಹಿತಿ ಇಲ್ಲದ ರಸ್ತೆಗಳನ್ನೆಲ್ಲ ತೆಗೆದುಹಾಕಿದರೆ ದಾರಿಯೇ ಉಳಿಯಲ್ಲ. ಹಾಗಾಗಿ ಮಾಹಿತಿ ಇಲ್ಲ ಅಂದರೆ ತೊಂದರೆ ಇಲ್ಲ ಅಂತ ಭಾವಿಸಿ ಮುಂದೆ ಹೋಗುತ್ತೆ.

ಇದು ಸಾಫ್ಟ್‌ವೇರ್‌ನ ದೋಷ ಅಲ್ಲ. ಆದರೆ ಪರದೆ ಮೇಲೆ ನಿಮಗೆ ಕಾಣೋದು ಒಂದೇ ನೀಲಿ ಗೆರೆ. ‘ಈ ಸೇತುವೆ 4.5 ಮೀಟರ್ ಇದೆ, ನೋಡಿದ್ದೀನಿ’ ಅನ್ನೋದಕ್ಕೂ ‘ಈ ಸೇತುವೆ ಬಗ್ಗೆ ನನಗೇನೂ ಗೊತ್ತಿಲ್ಲ’ ಅನ್ನೋದಕ್ಕೂ ಅದೇ ನೀಲಿ, ಅದೇ ಧೈರ್ಯದ ದನಿ.

ನಕ್ಷೆಯನ್ನು ಪೂರ್ತಿ ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ದುಃಖದ ಉದಾಹರಣೆ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ರಾಮಗಂಗಾ ನದಿಯ ಸೇತುವೆಯಿಂದ ಒಂದು ಕಾರು ಕೆಳಗೆ ಬಿದ್ದು ಮೂವರು ತೀರಿಕೊಂಡರು. ಸೇತುವೆಯ ಒಂದು ಭಾಗ ಅದಕ್ಕೂ ಹಿಂದೆಯೇ ಪ್ರವಾಹಕ್ಕೆ ಕೊಚ್ಚಿ ಹೋಗಿತ್ತು. ಅವರು ಮೊಬೈಲ್ ನಕ್ಷೆ ನೋಡಿಕೊಂಡು ಬಂದಿದ್ದರು ಅಂತ ವರದಿಯಾಯಿತು. ಇಡೀ ಸೇತುವೆ ವಿಷಯದಲ್ಲೇ ಹೀಗಾದರೆ, ಒಂದು ಅಂಡರ್‌ಪಾಸ್‌ನ ಎತ್ತರವನ್ನು ಯಾರು ತಿದ್ದಿರ್ತಾರೆ ಹೇಳಿ.

ನಮ್ಮ ರಸ್ತೆಗಳಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ತೀವಿ?

ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಎತ್ತರದ ತಾಪತ್ರಯ ಇಲ್ಲ. ಲಾರಿ ಹೋಗೋ ಕಡೆ ನಾವೂ ಹೋಗಬಹುದು. ತೊಂದರೆ ಬರೋದು ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದಾಗ. ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು ಮುಚ್ಚುವಾಗ ರೈಲ್ವೆಯವರು ಎಷ್ಟೋ ಕಡೆ ತಗ್ಗಿನ ಕೆಳಸೇತುವೆಗಳನ್ನು ಕಟ್ಟಿದ್ದಾರೆ. ಕಾರು, ಟ್ರ್ಯಾಕ್ಟರ್ ಹೋಗುತ್ತೆ. ಮೇಲೆ ಎಸಿ, ಸೋಲಾರ್ ಫಲಕ ಕೂರಿಸಿದ ಕ್ಯಾರವಾನ್ ಹೋಗುತ್ತೆ ಅಂತ ಹೇಳೋಕಾಗಲ್ಲ. ಮಳೆಗಾಲದಲ್ಲಿ ನೀರು ಬೇರೆ ನಿಲ್ಲುತ್ತೆ. ಮುಂಬೈಯವರಿಗೆ ಅಂಧೇರಿ ಸಬ್‌ವೇ ಗೊತ್ತಲ್ಲ, ಜೋರು ಮಳೆ ಬಂದರೆ ಮುಚ್ತಾರೆ.

ಎರಡನೆಯದು ಘಾಟಿ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು, ಭಾರಿ ವಾಹನಗಳಿಗೆ ನಿರ್ಬಂಧ. ಚೆನ್ನೈ, ಕೊಯಮತ್ತೂರು ಕಡೆಯಿಂದ ಚಾಮರಾಜನಗರಕ್ಕೆ ಬರೋರಿಗೆ ದಿಂಬಂ ಘಾಟಿ, 27 ತಿರುವು. ಊಟಿಯ ಕಲ್ಲಹಟ್ಟಿಯಲ್ಲಿ 36. ಇಲ್ಲಿ ಎತ್ತರಕ್ಕಿಂತ ಗಾಡಿಯ ಉದ್ದ ಮುಖ್ಯ. ಒಂದೇ ಸಲಕ್ಕೆ ತಿರುಗದೆ, ಅರ್ಧದಲ್ಲಿ ನಿಲ್ಲಿಸಿ ರಿವರ್ಸ್ ತಗೋಬೇಕಾದರೆ ಹಿಂದೆ ಬಸ್ಸು ಹಾರ್ನ್ ಹೊಡೀತಿರುತ್ತೆ.

ಮೂರನೆಯದು ಹೊತ್ತು. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ದಿಂಬಂನಲ್ಲೂ ರಾತ್ರಿ ನಿರ್ಬಂಧ ಇದೆ. ಸಂಜೆ ಆರಕ್ಕೆ ದಾರಿ ಕೇಳಿದಾಗ ಸಾಧನ ಆ ರಸ್ತೆಯನ್ನೇ ತೋರಿಸಿ, ನೀವು ಅಲ್ಲಿಗೆ ಮುಟ್ಟೋ ಹೊತ್ತಿಗೆ ಗೇಟ್ ಹಾಕಿದ್ದರೆ? ಕ್ಯಾರವಾನ್ ಇದೆ, ಅಲ್ಲೇ ಮಲಗಿದರಾಯ್ತು ಅನ್ನೋ ಹಾಗಿಲ್ಲ, ಅದು ಆನೆ ಓಡಾಡೋ ಜಾಗ.

ಹಾಗಾದರೆ ಏನು ಕೊಳ್ಳಬೇಕು?

ಗಾರ್ಮಿನ್‌ನ ಕ್ಯಾಂಪರ್, ಆರ್‌ವಿ ಸರಣಿ, ಟಾಮ್‌ಟಾಮ್‌ನ ಗೋ ಕ್ಯಾಂಪರ್ ಇವು ಮೋಟಾರ್‌ಹೋಮ್‌ಗೆಂದೇ ಮಾಡಿದ ಸಾಧನಗಳು. ಎತ್ತರ, ಅಗಲ, ಉದ್ದ, ತೂಕ ಕೊಟ್ಟರೆ ಅದಕ್ಕೆ ತಕ್ಕ ದಾರಿ ತೋರಿಸುತ್ತವೆ. ಒಳ್ಳೆ ಸಾಧನಗಳೇ. ಆದರೆ ಅವುಗಳ ಶಕ್ತಿ ಇರೋದು ಡಬ್ಬಿಯಲ್ಲಲ್ಲ, ಯುರೋಪ್, ಅಮೆರಿಕದ ನಕ್ಷೆಯಲ್ಲಿ. ಅಲ್ಲಿ ಸೇತುವೆಯ ಎತ್ತರ ದಾಖಲಾಗಿದೆ, ಕ್ಯಾಂಪ್ ಜಾಗಗಳ ಪಟ್ಟಿ ಇದೆ. ಅಣ್ಣ ಜರ್ಮನಿಯಿಂದ ಬರ್ತಾನೆ, ಒಂದು ತರಿಸೋಣ ಅಂದುಕೊಂಡಿದ್ದರೆ ಬೇಡ. ಅಲ್ಲಿಗೇ ರಜೆಗೆ ಹೋಗಿ ಬಾಡಿಗೆ ಗಾಡಿ ಓಡಿಸೋರು ಮಾತ್ರ ಖಂಡಿತ ಬಳಸಿ.

ಇನ್ನೊಂದು ಎಚ್ಚರಿಕೆ. ಹೊರದೇಶದಿಂದ ತರಿಸುವಾಗ ನ್ಯಾವಿಗೇಟರ್ ಮತ್ತು ಸ್ಯಾಟಲೈಟ್ ಮೆಸೆಂಜರ್ ನಡುವೆ ಗೊಂದಲ ಮಾಡ್ಕೋಬೇಡಿ. ನ್ಯಾವಿಗೇಟರ್ ಉಪಗ್ರಹದ ಮಾತು ಬರೀ ಕೇಳುತ್ತೆ. ಮೆಸೆಂಜರ್ ಉಪಗ್ರಹಕ್ಕೆ ಸಂದೇಶ ಕಳಿಸುತ್ತೆ. ಅನುಮತಿ ಇಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳೋದು ಅಪರಾಧ. ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಗಳನ್ನು ಇದಕ್ಕಾಗಿಯೇ ತಡೆದು ಕೇಸು ಹಾಕಿದ್ದಾರೆ.

ಇಲ್ಲಿ ಓಡಾಡೋರಿಗೆ ನನ್ನ ಸಲಹೆ ಹೀಗೆ. ದೊಡ್ಡ ಪರದೆಯ ಒಂದು ಮೊಬೈಲ್ ಅಥವಾ ಜಿಪಿಎಸ್ ಇರೋ ಟ್ಯಾಬ್ಲೆಟ್, ಅದರಲ್ಲಿ ಎರಡು ಆ್ಯಪ್. ಕೆಲವು ಟ್ಯಾಬ್ಲೆಟ್‌ಗಳಲ್ಲಿ ಜಿಪಿಎಸ್ ಚಿಪ್ಪೇ ಇರಲ್ಲ, ಕೇಳಿ ತಗೊಳ್ಳಿ. ಒಂದು ಆ್ಯಪ್ ಟ್ರಾಫಿಕ್ ನೋಡೋಕೆ, ಗೂಗಲ್ ಮ್ಯಾಪ್ಸ್ ಅಥವಾ ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್. ಮ್ಯಾಪಲ್ಸ್ ರಸ್ತೆ ಉಬ್ಬುಗಳ ಎಚ್ಚರಿಕೆ ಕೊಡುತ್ತೆ, ಒಳಗೆ ಪಾತ್ರೆ ಪಡಗ ಇರೋ ಗಾಡಿಗೆ ಅದು ಸಣ್ಣ ಉಪಕಾರ ಅಲ್ಲ. ಇನ್ನೊಂದು ಆ್ಯಪ್ ಗಾಡಿಯ ಅಳತೆ ತಗೊಂಡು ಇಂಟರ್ನೆಟ್ ಇಲ್ಲದೆಯೂ ದಾರಿ ಹುಡುಕೋದು. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸೋ ಓಸ್ಮ್‌ಆ್ಯಂಡ್‌ನಲ್ಲಿ ಎತ್ತರ, ತೂಕ ಕೊಡಬಹುದು. ಸಿಜಿಕ್‌ನವರ ಲಾರಿ–ಕ್ಯಾರವಾನ್ ಆ್ಯಪ್ ಕೂಡ ಇದೆ. ಹೊರಡೋ ಮುಂಚೆ ಕರ್ನಾಟಕ ಮತ್ತು ದಾರಿಯ ರಾಜ್ಯಗಳ ನಕ್ಷೆ ಇಳಿಸಿಕೊಳ್ಳಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ. ಸಾಧನವನ್ನು ಬಿಸಿಲು ನೇರ ಬೀಳದ, ಎಸಿ ಗಾಳಿ ತಾಗೋ ಕಡೆ ಕೂರಿಸಿ. ಬಿಸಿಯಾದರೆ ಪರದೆ ಮಂಕಾಗುತ್ತೆ, ಆಮೇಲೆ ಆಫ್ ಆಗುತ್ತೆ.

ಕೊಳ್ಳೋ ಮುಂಚೆ ಸುಳ್ಳು ಎತ್ತರ ಕೊಟ್ಟು ನೋಡಿ

ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಅಭ್ಯಾಸ ಇದೆ. ಪ್ರೋಗ್ರಾಂ ಸರಿಯಾಗಿದೆಯಾ ಅಂತ ನೋಡೋಕೆ ವಿಚಿತ್ರವಾದ ಇನ್‌ಪುಟ್ ಕೊಡ್ತೀವಿ. ಇಲ್ಲೂ ಅದನ್ನೇ ಮಾಡಿ.

ನಿಮ್ಮ ಊರಲ್ಲೇ, ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ತಗ್ಗಿನ ಅಂಡರ್‌ಪಾಸ್ ಆರಿಸಿ. ಅದರ ಈ ಕಡೆಯಿಂದ ಆ ಕಡೆಗೆ ದಾರಿ ಕೇಳಿ. ಮೊದಲು ಕಾರಿನ ಎತ್ತರ ಕೊಡಿ, ಆಮೇಲೆ 4.5 ಮೀಟರ್ ಕೊಡಿ. ದಾರಿ ಬದಲಾಯ್ತಾ? ಬದಲಾದರೆ ಆ ಸೇತುವೆ ಎತ್ತರ ನಕ್ಷೆಯಲ್ಲಿದೆ ಅಂತ ಅರ್ಥ. ಆಗಲಿಲ್ಲ ಅಂದರೆ ಆ್ಯಪ್‌ಗೆ ಗೊತ್ತಿಲ್ಲ. ಮೂರು ನಾಲ್ಕು ಕಡೆ ಹೀಗೆ ನೋಡಿ. ಹಾಗೇ ತೂಕ 12 ಟನ್ ಅಂತ ಕೊಟ್ಟು ಶಿವಮೊಗ್ಗದಿಂದ ಉಡುಪಿಗೆ ದಾರಿ ಕೇಳಿ. ಆಗಲೂ ಆಗುಂಬೆಯನ್ನೇ ತೋರಿಸಿದರೆ ಘಾಟಿಯ ನಿರ್ಬಂಧ ಅದಕ್ಕೆ ತಿಳಿದಿಲ್ಲ. ಹತ್ತು ನಿಮಿಷದ ಕೆಲಸ, ಯಾವ ಜಾಹೀರಾತೂ ಹೇಳದ ಸತ್ಯ ಹೇಳುತ್ತೆ.

ಹೀಗೆ ಖಾಲಿ ಇರೋದು ಗೊತ್ತಾದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೀವೇ ತುಂಬಬಹುದು. ಕಮಾನಿನ ಮೇಲೆ ಬರೆದಿರೋ ಎತ್ತರ ನೋಡಿ ಹಾಕಿದರೆ ಸಾಕು. ನಿಮ್ಮ ಹಿಂದೆ ಬರೋ ಇನ್ನೊಂದು ಕುಟುಂಬಕ್ಕೆ ಅದು ದಾರಿ ಆಗುತ್ತೆ.

ಅಳತೆ ಟೇಪು ಮೊದಲು, ಸಾಧನ ಆಮೇಲೆ

ಅಮೆರಿಕದ ನಾರ್ತ್ ಕ್ಯಾರೊಲೈನಾದ ಡರ್ಹಮ್‌ನಲ್ಲಿ ಒಂದು ರೈಲ್ವೆ ಸೇತುವೆ ಇದೆ. ಎತ್ತರ 11 ಅಡಿ 8 ಇಂಚು ಇತ್ತು. ಫಲಕ ಇತ್ತು, ಮಿನುಗೋ ದೀಪ ಇತ್ತು, ಎತ್ತರದ ಗಾಡಿ ಬಂದರೆ ಎಚ್ಚರಿಸೋ ಸೆನ್ಸರ್ ಇತ್ತು. ಆದರೂ ಲಾರಿಗಳು ಬಂದು ತಲೆ ಸವರಿಸಿಕೊಳ್ತಾನೇ ಇದ್ದವು. 2019ರಲ್ಲಿ ಸೇತುವೆಯನ್ನು 12 ಅಡಿ 4 ಇಂಚಿಗೆ ಎತ್ತಿದರು, ಆಮೇಲೂ ಗುದ್ದಿದವು. ಅಲ್ಲಿ ಸಿಕ್ಕಿಕೊಂಡವುಗಳಲ್ಲಿ ಬಾಡಿಗೆ ಲಾರಿಗಳು ಬಹಳ. ಬಾಡಿಗೆಗೆ ತಗೊಂಡವರಿಗೆ ಗಾಡಿಯ ಎತ್ತರ ಬಾಯಲ್ಲಿ ಇರಲ್ಲವಲ್ಲ. ನಾವೂ ಕ್ಯಾರವಾನ್ ತಗೊಳ್ಳೋದು ಹೆಚ್ಚಾಗಿ ಬಾಡಿಗೆಗೇ.

ಹಾಗಾಗಿ ಗಾಡಿ ಕೈಗೆ ಬಂದ ಕೂಡಲೇ ಟೇಪು ಹಿಡಿದು ಅಳೀರಿ. ನೆಲದಿಂದ, ಮೇಲಿನ ಎಸಿ, ಸೋಲಾರ್ ಫಲಕ, ಡಿಶ್, ಕ್ಯಾರಿಯರ್ ಯಾವುದು ಎಲ್ಲಕ್ಕಿಂತ ಮೇಲಿದೆಯೋ ಅಲ್ಲಿಯವರೆಗೆ. ಕಂಪನಿ ಕಾಗದದಲ್ಲಿರೋ ಎತ್ತರ ಎಸಿ ಕೂರಿಸೋ ಮುಂಚಿನದು ಆಗಿರಬಹುದು. ಸಾಮಾನು ಖಾಲಿ ಇದ್ದಾಗ ಗಾಡಿ ಸ್ವಲ್ಪ ಮೇಲೇಳುತ್ತೆ, ಆಗಲೇ ಅಳೀರಿ. ಅಗಲವನ್ನು ಕನ್ನಡಿ ತೆರೆದು ಅಳೀರಿ. ತೂಕ ಆರ್‌ಸಿಯಲ್ಲಿ ಇರುತ್ತೆ. ಬಂದ ಎತ್ತರಕ್ಕೆ ಒಂದು ಗೇಣು ಸೇರಿಸಿ ಸಾಧನಕ್ಕೆ ಕೊಡಿ. ಆಮೇಲೆ ಒಂದು ಚೀಟಿಯಲ್ಲಿ ಮೀಟರ್ ಮತ್ತು ಅಡಿ ಎರಡರಲ್ಲೂ ದಪ್ಪಕ್ಕೆ ಬರೆದು ಸ್ಟಿಯರಿಂಗ್ ಎದುರಿಗೆ ಅಂಟಿಸಿ. 3 ಮೀಟರ್ ಅಂದರೆ 9 ಅಡಿ 10 ಇಂಚು. ಕಮಾನಿನ ಫಲಕ ಕಂಡಾಗ ತಲೆಯಲ್ಲಿ ಲೆಕ್ಕ ಹಾಕೋಕೆ ಸಮಯ ಇರಲ್ಲ.

ಪಕ್ಕದಲ್ಲಿ ಕೂತವರಿಗೂ ಒಂದು ಕೆಲಸ ಕೊಡಿ. ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗೆ ಇಳಿಯೋ ಮುಂಚೆ ಗಾಡಿ ನಿಲ್ಲಿಸಿ, ಮುಂದಿನ ದಾರಿಯನ್ನು ಉಪಗ್ರಹ ಚಿತ್ರದಲ್ಲಿ ಒಮ್ಮೆ ನೋಡಲಿ. ರೈಲು ಹಳಿ ದಾಟೋದಿದೆಯಾ ಅಂತ ಗಮನಿಸಲಿ. ಇದ್ದರೆ ಅಲ್ಲಿನ ಚಹಾ ಅಂಗಡಿಯಲ್ಲಿ ಕೇಳಿ: ‘ಅಣ್ಣಾ, ಈ ಕಡೆ ಹುಲ್ಲಿನ ಲಾರಿ ಹೋಗುತ್ತಾ?’ ಹುಲ್ಲು ತುಂಬಿದ ಲಾರಿ ಹೋಗುತ್ತೆ ಅಂದರೆ ನಿಮ್ಮ ಕ್ಯಾರವಾನೂ ಹೋಗುತ್ತೆ. ಆ ಉತ್ತರ ಇನ್ನೂ ಯಾವ ನಕ್ಷೆಯಲ್ಲೂ ಸೇರಿಲ್ಲ.