ಹೊಸೂರಿಗೆ ಮನೆ ಬದಲಿಸುವ ಮುನ್ನ

ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳು ನಮ್ಮ ತಳಿ, ದೆಂಕಣಿಕೋಟೆ ಕಾಡುಗಳಿಗೆ ಬರುತ್ತವೆ. ಒಂದೇ ರಾತ್ರಿಯಲ್ಲಿ ಹೊಲ ಹೊಲವೇ ಹೋಗುತ್ತದೆ. ಮಾರನೆಯ ಬೆಳಿಗ್ಗೆ ಮನೆಯ ಮಗ ಹೇಳುವ ಮಾತು ನಿಮಗೂ ಗೊತ್ತು: "ಇದನ್ನು ಮಾರಿ ಹೊಸೂರಿಗೆ ಹೋಗಿಬಿಡೋಣ." ಹೋಗಬೇಡಿ ಎಂದು ಹೇಳಲು ನಾನು ಬಂದಿಲ್ಲ. ಹೋಗುವ ಮೊದಲು ಏನೇನು ನೋಡಬೇಕು, ಯಾವುದನ್ನು ಮಾರಬಾರದು ಎಂಬುದಷ್ಟೇ ಇವತ್ತಿನ ಮಾತು.

ಹೊಸೂರಿನಲ್ಲಿ ಕೆಲಸ ಇದೆ, ಅದು ಸುಳ್ಳಲ್ಲ. 1980ರಲ್ಲಿ ಟಿ.ವಿ.ಎಸ್. 50 ಮೊಪೆಡ್ ಹೊರಬಂದದ್ದು ಅಲ್ಲಿಂದಲೇ. ಲಾರಿ, ಕೈಗಡಿಯಾರದ ಕಾರ್ಖಾನೆಗಳು ಅದೇ ದಶಕದಲ್ಲಿ ಬಂದವು. 2020ರ ನಂತರ ಮೊಬೈಲ್ ಫೋನಿನ ಬಿಡಿಭಾಗ ಮಾಡುವ ದೊಡ್ಡ ಕಾರ್ಖಾನೆಯೊಂದು ನಮ್ಮ ಹೆಣ್ಣುಮಕ್ಕಳಿಗೇ ಹೆಚ್ಚಾಗಿ ಕೆಲಸ ಕೊಟ್ಟಿದೆ. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯೂ ಆಯಿತು. ಆದರೆ ಕೆಲಸ ಎಂದರೆ ಎಂಥ ಕೆಲಸ ಎಂದು ಕೇಳಿ. ಕಂಪನಿಯ ಪಟ್ಟಿಯಲ್ಲಿ ಹೆಸರಿರುವ ಕೆಲಸವೋ, ಕಾಂಟ್ರಾಕ್ಟರು ಕೊಡುವ ಕೆಲಸವೋ? ಕಾಂಟ್ರಾಕ್ಟ್ ಕೆಲಸ ನಿಂತ ತಿಂಗಳೂ ಮನೆ ಬಾಡಿಗೆ ನಿಲ್ಲುವುದಿಲ್ಲ. ಆ ತಿಂಗಳ ರಾಗಿ ಊರಿನ ಹೊಲದಿಂದಲೇ ಬರಬೇಕು.

ಸೈಟಿನ ಬೆಲೆಯ ವಿಷಯಕ್ಕೆ ಬರೋಣ. 2024ರ ಜೂನ್‌ನಲ್ಲಿ ಹೊಸೂರಿಗೆ 2000 ಎಕರೆಯ ವಿಮಾನ ನಿಲ್ದಾಣ ಎಂದು ವಿಧಾನಸಭೆಯಲ್ಲಿ ಘೋಷಣೆ ಆಯಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮೆಟ್ರೊ ಬೊಮ್ಮಸಂದ್ರದವರೆಗೆ ಬಂತು. ಸೈಟು ತೋರಿಸುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೆಟ್ರೊ ಬಂದದ್ದು ನಿಜ, ಆದರೆ ಅದು ಗಡಿಯ ಆಚೆ ನಿಂತಿದೆ. ಹೊಸೂರಿನಿಂದ ಬಸ್ಸು ಹಿಡಿದು ಅತ್ತಿಬೆಲೆ ದಾಟಿಯೇ ಅಲ್ಲಿಗೆ ಹೋಗಬೇಕು. ವಿಮಾನ ನಿಲ್ದಾಣದ್ದು ಬೇರೆ ಕತೆ. 2008ರಲ್ಲಿ ಶುರುವಾದ ಬೆಂಗಳೂರಿನ ವಿಮಾನ ನಿಲ್ದಾಣದ ಒಪ್ಪಂದದಲ್ಲಿ, 25 ವರ್ಷ 150 ಕಿಲೋಮೀಟರ್ ಒಳಗೆ ಇನ್ನೊಂದು ದೊಡ್ಡ ನಿಲ್ದಾಣ ಬರಬಾರದು ಎಂಬ ಷರತ್ತಿದೆ. ಇನ್ನೂ ಇಳಿಯದ ವಿಮಾನಕ್ಕೆ ಈಗಲೇ ಬೆಲೆ ಕೊಡಬೇಡಿ.

ಈಗ ನನ್ನ ತಮ್ಮನ ಸಂಗತಿ ಹೇಳುತ್ತೇನೆ. ಅವನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

2012ರಲ್ಲಿ ಅವನು ಒಂದೂವರೆ ಎಕರೆ ಖುಷ್ಕಿ ಹೊಲ ಮಾರಿ ಹೊಸೂರಿನ ಹೊರವಲಯದಲ್ಲಿ ಮೂವತ್ತು ನಲವತ್ತರ ಸೈಟು ಕೊಂಡ. ಬುದ್ಧಿವಂತನೇ. ವಿಲ್ಲಂಗ ಪತ್ರ ತೆಗೆಸಿದ, ಅದರಲ್ಲಿ ಸಾಲವಿರಲಿಲ್ಲ. ಹಳೆಯ ಪತ್ರಗಳಲ್ಲಿ ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, ಆಮೇಲೆ ಕೃಷ್ಣಗಿರಿ ಎಂದಿರುವುದನ್ನು ಕಂಡು ಗಾಬರಿಯಾಗಿದ್ದ. ಅದರಲ್ಲಿ ಗಾಬರಿಯಾಗುವುದಕ್ಕೆ ಏನೂ ಇಲ್ಲ. ನಮ್ಮ ಸೀಮೆ 1965ರವರೆಗೆ ಸೇಲಂ, 2004ರವರೆಗೆ ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಜನ ಕದಲಲಿಲ್ಲ, ಜಿಲ್ಲೆಗಳು ಕದಲಿದವು!

ತಪ್ಪು ಇದ್ದದ್ದು ಬೇರೆ ಕಡೆ. ಅವನು ತಮಿಳನ್ನು ನೀರು ಕುಡಿದ ಹಾಗೆ ಮಾತಾಡುತ್ತಾನೆ, ಆದರೆ ಓದಲು ಬಾರದು. ಪತ್ರ ಬರೆದವರು ಸರಸರನೆ ಓದಿದರು, ಇವನು ಹೆಬ್ಬೆಟ್ಟಿಟ್ಟ. ಆ ಪತ್ರದಲ್ಲಿ ಜಮೀನನ್ನು "ಪುಂಜೈ" ಎಂದೇ ಬರೆದಿತ್ತು. ಅಂದರೆ ಕಾಗದದ ಮೇಲೆ ಅದು ಇನ್ನೂ ಬೇಸಾಯದ ಹೊಲ, ಬಡಾವಣೆಗೆ ನಗರ ಯೋಜನಾ ಇಲಾಖೆಯ ಅನುಮೋದನೆ ಇರಲಿಲ್ಲ. ವಿಲ್ಲಂಗ ಪತ್ರ ಮಾರಾಟವನ್ನೂ ಅಡಮಾನವನ್ನೂ ತೋರಿಸುತ್ತದೆಯೇ ಹೊರತು ಇದನ್ನು ಹೇಳುವುದಿಲ್ಲ.

ಮನೆ ಕಟ್ಟಲು ಪರವಾನಗಿ ಸಿಗಲಿಲ್ಲ. ಹೋಗಲಿ, ಮಾರಿಬಿಡೋಣ ಎಂದುಕೊಂಡ. 2016ರ ಸೆಪ್ಟೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಅನುಮೋದನೆ ಇಲ್ಲದ ಸೈಟುಗಳ ನೋಂದಣಿಗೆ ತಡೆ ಹಾಕಿತು. 2017ರಲ್ಲಿ ಸರ್ಕಾರ ಸಕ್ರಮಗೊಳಿಸುವ ನಿಯಮ ತಂದ ಮೇಲೆ, ಶುಲ್ಕ ಕಟ್ಟಿ, ಅಲೆದು, ಕೊನೆಗೆ ಸರಿಮಾಡಿಕೊಂಡ. ಆದರೆ ಅಷ್ಟು ವರ್ಷ ಬಾಡಿಗೆ ಮನೆಯಲ್ಲೇ ಇದ್ದ, ಊರಿನ ಹೊಲವೂ ಇರಲಿಲ್ಲ. ಅವನ ಹೆಂಡತಿ ರಾಗಿಯನ್ನು ಅಂಗಡಿಯಲ್ಲಿ ಕೊಂಡಳು. ನಮ್ಮ ತಾಯಿಗೆ ಸೈಟಿನ ನಷ್ಟಕ್ಕಿಂತ ಆ ಮಾತೇ ಹೆಚ್ಚು ನೋವು ಕೊಟ್ಟಿತು.

ಆದುದರಿಂದ ಪಟ್ಟಾ ಯಾರ ಹೆಸರಿನಲ್ಲಿದೆ, ಅನುಮೋದನೆ ಇದೆಯೇ ಎಂಬ ಎರಡನ್ನೂ ಕೇಳಿ. ಖರ್ಚಿನ ಲೆಕ್ಕದಲ್ಲಿ ನೋಂದಣಿಯನ್ನು ಮರೆಯಬೇಡಿ. 2023ರ ಏಪ್ರಿಲ್‌ನಿಂದ ಮುದ್ರಾಂಕಕ್ಕೆ ನೂರಕ್ಕೆ ಏಳು, ನೋಂದಣಿಗೆ ನೂರಕ್ಕೆ ಎರಡು ಎಂದಾಯಿತು. 2025ರ ಏಪ್ರಿಲ್‌ನಿಂದ 10 ಲಕ್ಷದೊಳಗಿನ ಆಸ್ತಿಯನ್ನು ಹೆಣ್ಣುಮಕ್ಕಳ ಹೆಸರಿಗೆ ಮಾಡಿಸಿದರೆ ಅದರಲ್ಲಿ ಒಂದು ಕಡಿಮೆ.

ನೀರಿನ ವಿಷಯವನ್ನು ಹೆಂಗಸರೇ ವಿಚಾರಿಸಲಿ. ಗಂಡಸರು ಗೋಡೆ ನೋಡುತ್ತಾರೆ, ಹೆಂಗಸರು ಕೊಡಗಳ ಸಾಲು ನೋಡುತ್ತಾರೆ. ಈ ಜಿಲ್ಲೆಯ ಬೋರಿನ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇದೆ. ಅದಕ್ಕಾಗಿಯೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಶುರುವಾಯಿತು. ಆ ನೀರು ನೀವು ನೋಡುವ ಬೀದಿಗೆ ವಾರಕ್ಕೆ ಎಷ್ಟು ದಿನ ಬರುತ್ತದೆ, ಉಳಿದ ದಿನ ಟ್ಯಾಂಕರಿಗೆ ಎಷ್ಟು ಕೊಡುತ್ತಾರೆ ಎಂದು ಅಕ್ಕಪಕ್ಕದ ಮನೆಯಲ್ಲಿ ಕೇಳಿ. ಕೆಲವರಪಳ್ಳಿ ಅಣೆಕಟ್ಟೆಯ ಕೆಳಗಿನ ಹೊಳೆದಂಡೆ ನೋಡಲು ಚೆಂದ. ಆದರೆ ಬೆಂಗಳೂರಿನ ಕೊಳಚೆ ಹೊತ್ತ ದಕ್ಷಿಣ ಪಿನಾಕಿನಿ ಅಲ್ಲಿ ನೊರೆ ಕಾರುವುದನ್ನು ಮಳೆಗಾಲದಲ್ಲಿ ಒಮ್ಮೆ ಕಂಡು ಬನ್ನಿ.

ಬಾಡಿಗೆಗಿಂತ ಭೋಗ್ಯ ಅಗ್ಗ ಎನ್ನುವವರೂ ಇದ್ದಾರೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದರೆ ನಿಮ್ಮ ಗಂಟು ತಿರುಗಿ ಬರುವುದು ಕಷ್ಟ. ನನ್ನ ಸಲಹೆ, ಮೊದಲ ಒಂದು ವರ್ಷ ಬಾಡಿಗೆಗೇ ಇರಿ, ಅದರಲ್ಲಿ ಒಂದು ಬೇಸಿಗೆ ಪೂರ್ತಿ ಕಳೆಯಲಿ. ಹೊಲವನ್ನು ಅಣ್ಣನಿಗೋ ದಾಯಾದಿಗೋ ವಾರಕ್ಕೆ ಕೊಡಿ, ಮಾರಬೇಡಿ.

ಮಕ್ಕಳ ಶಾಲೆ ಬಾಕಿ ಉಳಿಯಿತು. 2006ರ ಕಾಯಿದೆಯ ಪ್ರಕಾರ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ. ನೀವು ಸೇರಿಸುವ ಶಾಲೆಯಲ್ಲಿ ಕನ್ನಡಕ್ಕೂ ಮೇಷ್ಟರಿದ್ದಾರೆಯೇ ಎಂದು ಮನೆ ಹುಡುಕುವ ಮೊದಲೇ ತಿಳಿದುಕೊಳ್ಳಿ. ಕಾಗದದ ಮೇಲೆ ಕನ್ನಡ ಶಾಲೆ ಇದ್ದು ಮೇಷ್ಟರಿಲ್ಲದಿದ್ದರೆ ಮಗು ಎರಡು ಭಾಷೆಯಲ್ಲೂ ಅರೆಬರೆಯಾಗುತ್ತದೆ.

ತಮ್ಮ ಸೈಟು ಕೊಂಡಾಗ ಅವನ ಮಗಳು ಮೂರನೇ ತರಗತಿ. ಅವಳ ಶಾಲೆಯಲ್ಲಿ ಎರಡೂ ಇದ್ದವು. ಏಳನೇ ತರಗತಿಗೆ ಬಂದಾಗ ಟ್ರಂಕಿನಲ್ಲಿದ್ದ ಆ ಪತ್ರವನ್ನು ತೆಗೆದು ಗಟ್ಟಿಯಾಗಿ ಓದಿ, "ಅಪ್ಪಾ, ಇದರಲ್ಲಿ ಹೊಲ ಅಂತ ಬರೆದಿದೆಯಲ್ಲ" ಎಂದವಳು ಅವಳೇ. ಈಗ ನಮ್ಮೂರಿನಿಂದ ಯಾರು ಹೊಸೂರಿನಲ್ಲಿ ಸೈಟು ನೋಡಲು ಹೊರಟರೂ ಬಸ್ಸಿನಲ್ಲಿ ಅವಳಿಗೂ ಒಂದು ಟಿಕೆಟ್ ತೆಗೆಯುತ್ತಾರೆ.