ಔಷಧಿ ಚೀಟಿ ಬರೆಯುವ ಮುನ್ನ

ಇಂದು ತೋಟಗಾರಿಕೆ ಪದವಿ ಪಡೆದ ಗೆಳೆಯ ಗೆಳತಿಯರೇ,

ಇನ್ನು ಸ್ವಲ್ಪ ದಿನಕ್ಕೆ ನಿಮ್ಮಲ್ಲಿ ಹಲವರು ರೈತ ಸಂಪರ್ಕ ಕೇಂದ್ರದಲ್ಲೋ ಬೀಜದ ಕಂಪನಿಯಲ್ಲೋ ಔಷಧಿ ಅಂಗಡಿಯಲ್ಲೋ ಕೂತಿರುತ್ತೀರಿ. ಅಲ್ಲಿಗೆ ಒಬ್ಬ ರೈತ ಬೆಂಡೆ ಎಲೆ ಹಿಡಿದು ಬರುತ್ತಾನೆ. ನರಗಳೆಲ್ಲ ಹಳದಿ ಬಲೆ, ನಡುವೆ ಅಲ್ಲಲ್ಲಿ ಉಳಿದ ಹಸಿರು. "ಇದಕ್ಕೇನು ಹೊಡೀಬೇಕು ಸಾರ್?" ಎನ್ನುತ್ತಾನೆ. ಆ ಗಿಡಕ್ಕೆ ಹೊಡೆಯುವಂಥದ್ದು ಏನೂ ಇಲ್ಲ. ಇದನ್ನು ಅವನ ಮುಖ ನೋಡಿ ಹೇಳುವ ಧೈರ್ಯ ನಿಮಗಿರಲಿ ಎಂದು ಕೇಳಿಕೊಳ್ಳಲು ನಾನಿಲ್ಲಿ ನಿಂತಿದ್ದೇನೆ.

ಬೆಂಡೆಯ ಈ ಹಳದಿ ನಂಜು ರೋಗ ಹೊಸದಲ್ಲ. 1924ರಲ್ಲೇ ಮುಂಬಯಿ ಪ್ರಾಂತ್ಯದಿಂದ ಇದರ ವರದಿ ಬಂದಿತ್ತು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು. ಇದನ್ನು ಹರಡುವುದು ಬಿಳಿ ನೊಣ. ರೋಗದ ಗಿಡದ ರಸ ಹೀರಿದಾಗ ನಂಜು ಅದರ ಮೈಯೊಳಗೆ ಸೇರಿ, ಜೊಲ್ಲಿನ ಮೂಲಕ ಮುಂದಿನ ಗಿಡಕ್ಕೆ ಇಳಿಯುತ್ತದೆ. ಬೆಳಗಿನ ತಂಪಿನಲ್ಲಿ ಎಲೆಯನ್ನು ಮೆಲ್ಲಗೆ ಮಗುಚಿ ನೋಡಿ: ಅಡಿಯಲ್ಲಿ ನೊಣಗಳು ಹಿಟ್ಟು ಉದುರಿದಂತೆ ಕೂತಿರುತ್ತವೆ, ಮರಿಗಳು ಹುರುಪೆಯ ಹಾಗೆ ಅಂಟಿಕೊಂಡಿರುತ್ತವೆ. ಆದರೆ ನಾವು ಸಿಂಪಡಿಸುವ ಔಷಧಿ ಹೆಚ್ಚಾಗಿ ಬೀಳುವುದು ಎಲೆಯ ಮೇಲ್ಮುಖಕ್ಕೆ.

ಈ ರೋಗದಲ್ಲಿ ಎಲ್ಲವೂ ಗಿಡದ ವಯಸ್ಸಿನ ಮೇಲೆ ನಿಂತಿದೆ. ಮೊಳೆತ 20 ದಿನದೊಳಗೆ ನಂಜು ತಗುಲಿದರೆ ಫಸಲು ಬಹುತೇಕ ಇಲ್ಲವೇ ಇಲ್ಲ. 50 ದಿನಕ್ಕೆ ತಗುಲಿದರೆ ನಷ್ಟ ಸುಮಾರು ಶೇ 84, 65 ದಿನಕ್ಕಾದರೆ ಶೇ 49. ಅಂದರೆ ರೈತ ಎಲೆ ಹಿಡಿದು ನಿಮ್ಮ ಬಳಿ ಬರುವ ಹೊತ್ತಿಗೆ ಮಾಡಬೇಕಾದ ಕೆಲಸದ ಕಾಲ ಬಹುಪಾಲು ದಾಟಿರುತ್ತದೆ. ಬಿತ್ತುವ ಮೊದಲೇ ನೀವು ಅವನ ಹೊಲಕ್ಕೆ ಹೋಗಬೇಕು. ಹಳೆಯ ಬೆಂಡೆ ತಾಕಿನ ಪಕ್ಕದಲ್ಲಿ ಹೊಸದನ್ನು ಬಿತ್ತದಂತೆ ತಡೆಯಿರಿ. ಸುತ್ತ ಎರಡು ಮೂರು ಸಾಲು ಜೋಳವನ್ನೋ ಮೆಕ್ಕೆಜೋಳವನ್ನೋ ಮುಂಚಿತವಾಗಿ ಹಾಕಿಸಿ. ಬದುವಿನ ಕಳೆ ತೆಗೆಸಿ, ಹಳದಿ ಅಂಟು ಹಾಳೆ ಕಟ್ಟಿಸಿ, ಬೇವಿನ ಬೀಜದ ಶೇ 5ರ ಕಷಾಯವನ್ನು ಎಲೆಯ ಅಡಿಗೆ ತಾಗುವಂತೆ ಹೊಡೆಸಿ. ಮೊದಲ ತಿಂಗಳಲ್ಲಿ ಹಳದಿ ಕಂಡ ಗಿಡವನ್ನು ಕಿತ್ತು ಹೂಳಿಸಿ. ಇದು ರೈತನಿಗೆ ಸಂಕಟದ ಕೆಲಸ. ಕೈಯಾರೆ ನೆಟ್ಟದ್ದನ್ನು, ಇನ್ನೂ ಜೀವವಿರುವುದನ್ನು ಕೀಳು ಎಂದರೆ ಯಾರಿಗೂ ಮನಸ್ಸಾಗದು. ನೀವೇ ಬಗ್ಗಿ ಮೊದಲ ಗಿಡ ಕಿತ್ತರೆ ಅವನ ಕೈ ಮುಂದಾಗುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಬೇರೆ. ಬೆಂಡೆ ದಿನ ಬಿಟ್ಟು ದಿನ ಕೊಯ್ಯುವ ಬೆಳೆ. ಒಂದು ಕೊಯ್ಲು ತಪ್ಪಿದರೆ ಕಾಯಿ ಬಲಿತು ನಾರಾಗುತ್ತದೆ. ಔಷಧಿ ಹೊಡೆದ ಮೇಲೆ ಇಷ್ಟು ದಿನ ಕಾಯಿರಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಕಾಯಿ ಕಾಯುವುದಿಲ್ಲ. ಸೋಮವಾರ ಹೊಡೆದದ್ದು ಬುಧವಾರ ಸಂತೆಯಲ್ಲಿರುತ್ತದೆ, ಗುರುವಾರ ಯಾವುದೋ ಮಗುವಿನ ಊಟದ ಡಬ್ಬಿಯಲ್ಲಿ. ಮೇಲಿಂದ ಮೇಲೆ ಹೊಡೆದರೆ ಬಿಳಿ ನೊಣವನ್ನು ತಿನ್ನುವ ಜೇಡ, ಗುಲಗಂಜಿ ಹುಳಗಳೇ ಮೊದಲು ಸಾಯುತ್ತವೆ. ವಾಸಿಯಾಗದ ರೋಗಕ್ಕೆ ಚೀಟಿ ಬರೆಯುವುದೆಂದರೆ ರೈತನ ದುಡ್ಡು, ತಿನ್ನುವವರ ಆರೋಗ್ಯ ಎರಡನ್ನೂ ಕಳೆದಂತೆ.

ತಳಿಯ ವಿಷಯಕ್ಕೆ ಬರುತ್ತೇನೆ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹರಭಜನ್ ಸಿಂಗ್ ಅವರು ರೂಪಿಸಿದ ಪೂಸಾ ಸಾವನಿ ತಳಿ ಒಂದು ಕಾಲಕ್ಕೆ ದೇಶದ ಬೆಂಡೆಯನ್ನು ಕಾಪಾಡಿತು. ಬರಬರುತ್ತಾ ನಂಜಿಗೆ ಸೋತಿತು. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕಾಡುಬೆಂಡೆಯ ಗುಣ ಬೆರೆಸಿ ಅರ್ಕಾ ಅನಾಮಿಕಾ, ಅರ್ಕಾ ಅಭಯ್ ಕೊಟ್ಟಿತು. ಅನಾಮಿಕಾ ಕೂಡ ಈಗ ಹಲವೆಡೆ ಹಳದಿಯಾಗುತ್ತಿದೆ. ಇದು ತಳಿ ವಿಜ್ಞಾನಿಗಳ ಸೋಲಲ್ಲ, ನಂಜೂ ಬದಲಾಗುತ್ತಿದೆ. ಆದರೆ ಬೀಜದ ಪೊಟ್ಟಣದ ಮೇಲೆ "ರೋಗ ನಿರೋಧಕ" ಎಂಬ ಒಂದೇ ಮಾತು ಅಚ್ಚಾಗಿದ್ದರೆ ರೈತ ಅದನ್ನು ನಂಬಿ ಸಾಲ ಮಾಡುತ್ತಾನೆ. ಬೀಜದ ಕಂಪನಿಗಳಿಗೆ ಹೋಗುವವರಲ್ಲಿ ನನ್ನದೊಂದು ಬೇಡಿಕೆ: ಯಾವ ಊರಿನಲ್ಲಿ, ಯಾವ ಹಂಗಾಮಿನಲ್ಲಿ, ಯಾವ ವರ್ಷ ಪರೀಕ್ಷಿಸಿದ ತಳಿ ಎಂಬುದನ್ನು ಆ ಪೊಟ್ಟಣದ ಮೇಲೆ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಹಾಕಿಸಿ.